ಫಾದರ್ ಅವರ ಅರ್ಧ ಗಡ್ಡ

೧೯೯೧ರಲ್ಲಿ ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಅಂಕೋಲೆಯಲ್ಲಿ ಕತ್ತರಿ ಹಿಡಿದವನು ನಾನು. ಕುಂದು ಹುಡುಕಿ ನನ್ನ ಕೆಲಸಕ್ಕೆ ಯಾರೂ ಹೆಸರಿಟ್ಟಿಲ್ಲ. ಕಳೆದ ವರ್ಷ ಇಗರ್ಜಿಯ ಫಾದರ್ ಬೆಳೆದ ಗಡ್ಡ ತೆಗೆಸಲು ನನ್ನ ಕ್ಷೌರದಂಗಡಿಯಲ್ಲಿ ಕುಳಿತಿದ್ದರು. ಮೀನುಗಾರರು ಗಾಳಿಗಿಟ್ಟ ಹೆಸರುಗಳ ಬಗ್ಗೆ ಅವರು ಪುಸ್ತಕ ಬರೆಯುತ್ತಿದ್ದರು. ಪಕ್ಕದ ಕುರ್ಚಿಯಲ್ಲಿದ್ದ ಮಾಜಾಳಿ ಊರಿನ ಮೀನುಗಾರ ಹೊಸದೊಂದು ಹೆಸರು ಹೇಳಿದ್ದೇ ತಡ, ಬರೆದಿಡಲು ಫಾದರ್ ಎದ್ದು ಇಗರ್ಜಿಗೆ ಓಡಿದರು.

“ಫಾದರ್, ಎಡಗೆನ್ನೆ ಬಾಕಿ ಅದೆ! ನನ್ನ ಮರ್ಯಾದೆ ತೆಗೀಬೇಡಿ ಮಾರಾಯ್ರೆ!” ಎಂದು ಕೂಗಿದೆ.

“ಗಡ್ಡ ಎಲ್ಲಿಗೂ ಹೋಗೂದಿಲ್ಲ ಮಾರಾಯ, ಹೆಸರು ಮರ್ತೋಗ್ತದೆ!” ಎಂದರು.

ಇಗರ್ಜಿಯಲ್ಲಿ ಫೋಟೋ ತೆಗೆಯುವವನು ಕಾಯುತ್ತಿದ್ದನಂತೆ. ಪುಸ್ತಕದ ಹಿಂಬದಿಯಲ್ಲಿ ಅದೇ ಅರ್ಧ ಗಡ್ಡ ಅಚ್ಚಾಯಿತು. ಒಳಗೆ, ಧನ್ಯವಾದದ ಪುಟದಲ್ಲಿ, ನನ್ನ ಹೆಸರು!

ಗಿರಾಕಿಗಳಿಗೆ ಪುಸ್ತಕ ತೋರಿಸುವಾಗ ಫೋಟೋದ ಆ ಎಡಗೆನ್ನೆಯ ಮೇಲೆ ಹೆಬ್ಬೆರಳು ಇಟ್ಟಿರುತ್ತೇನೆ. ಈಗ ನನಗೆ ಎರಡು ಕುರ್ಚಿ, ಮೂರು ಕನ್ನಡಿ, ಒಂದು ಪುಸ್ತಕ.