ಮೂಲೆ ಅಕ್ಷರ ಕಂಡರೆ ನಿಲ್ಲು

ಬೆಳಗಿನ ಐದೂವರೆ. ಬಣ್ಣದ ಕಾರ್ಖಾನೆಯ ಹಿಂಬದಿಯಲ್ಲಿ, ಕೊಳೆನೀರಿನ ಗುಂಡಿಯ ಕಬ್ಬಿಣದ ಬಾಗಿಲ ಮುಂದೆ ಒಬ್ಬರು ಮಂಡಿಯೂರಿ ಕೂತಿದ್ದಾರೆ. ಅಕ್ಷರ ಕತ್ತರಿಸಿದ ತಗಡನ್ನು ಎಡಗೈಯಲ್ಲಿ ಬಾಗಿಲಿಗೆ ಒತ್ತಿ ಹಿಡಿದು, ಬಲಗೈಯಲ್ಲಿ ಕೆಂಪು ಬಳಿಯುತ್ತಾರೆ. ತಗಡು ಸರಿಸಿದರೆ ‘ಅಪಾಯ’. ದಪ್ಪ ಅಕ್ಷರ, ಎಲ್ಲೆಲ್ಲೂ ಮೂಲೆ, ಒಂದೇ ಒಂದು ಬಾಗು ಇಲ್ಲ. ನಮ್ಮ ದುಂಡು ಲಿಪಿಯನ್ನು ಹಿಡಿದು ಹೀಗೆ ನೆಟ್ಟಗೆ ಮಾಡಿದವರು ಇವರೇ ಎಂದು ನನಗೂ ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ.

ಕಾರ್ಖಾನೆಯವರಿಗೆಲ್ಲ ಅವರು ಬೋರ್ಡಣ್ಣ. ಮೂವತ್ತೊಂದು ವರ್ಷದ ನೌಕರಿ. ನಿವೃತ್ತಿಗೆ ಇನ್ನು ಹತ್ತೊಂಬತ್ತೇ ದಿನ. ನಲವತ್ತೆರಡು ಎಚ್ಚರಿಕೆಯ ಬೋರ್ಡುಗಳು ಅವರ ಪಾಲಿಗೆ. ಆಮ್ಲದ ಹಬೆಗೆ ಬಣ್ಣ ಮೂರು ತಿಂಗಳೂ ತಾಳುವುದಿಲ್ಲ, ಎರಡು ದಿನಕ್ಕೊಂದರಂತೆ ಮತ್ತೆ ಬಳಿಯಬೇಕು.

“ಇದರಲ್ಲಿ ಕಲೆ ಗಿಲೆ ಏನಿಲ್ಲ ಸಾರ್. ತಗಡಿನ ಕತ್ತರಿಗೆ ದುಂಡು ಕೊಯ್ಯೋಕೆ ಬರಲ್ಲ. ನೆಟ್ಟಗೆ ಕೊಯ್ದೆ, ಅಕ್ಷರ ಹಿಂಗಾಯ್ತು.”

ಆಗಿನ ಕೆಲಸಗಾರರಲ್ಲಿ ಅರ್ಧಕ್ಕರ್ಧ ಜನಕ್ಕೆ ಓದು ಬಾರದು. ಅದಕ್ಕೇ ಅವರೊಳಗೆ ಒಂದು ಕಟ್ಟಳೆ ಹುಟ್ಟಿತು: ದುಂಡು ಅಕ್ಷರವಿದ್ದರೆ ಹೋಗು, ಮೂಲೆ ಅಕ್ಷರ ಕಂಡರೆ ನಿಲ್ಲು. ಹೊಸಬರು ಬಂದ ದಿನವೇ ಹಳಬರು ಕಿವಿ ಹಿಂಡಿ ಹೇಳಿಕೊಡುತ್ತಿದ್ದರು. ಇಪ್ಪತ್ತೇಳು ವರ್ಷ ಮೂಲೆ ಅಕ್ಷರದ ಬಾಗಿಲುಗಳನ್ನು ಯಾರೂ ತಿಳಿಯದೆ ತೆರೆಯಲಿಲ್ಲ.

ನಾಲ್ಕು ವರ್ಷದ ಕೆಳಗೆ ಆಫೀಸಿನ ವಿನ್ಯಾಸಗಾರ್ತಿಯೊಬ್ಬರು ಆ ತಗಡುಗಳನ್ನು ಕಂಡು ಬೆರಗಾದರು. ಅಕ್ಷರಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಫಾಂಟ್ ಮಾಡಿ, ಎಲ್ಲರ ಬಳಕೆಗೂ ಬಿಟ್ಟರು. ಬಣ್ಣದ ಡಬ್ಬ, ಕ್ಯಾಲೆಂಡರು, ಟೀ ಶರ್ಟು, ಎಲ್ಲಿ ನೋಡಿದರೂ ಅದೇ! ಬೋರ್ಡಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕ್ಯಾಂಟೀನಿನ ಬಾಗಿಲ ಮೇಲೆ ‘ಊಟದ ಮನೆ’ ಎಂದು ಅದೇ ಅಕ್ಷರದಲ್ಲಿ, ಅದೇ ಕೆಂಪಿನಲ್ಲಿ ಬೋರ್ಡು ಬರೆದು ತೂಗುಹಾಕಿಬಿಟ್ಟರು.

“ಯಾರೂ ಹೇಳಿರಲಿಲ್ಲ, ನಾನೇ ಬರೆದೆ. ನನ್ನ ಅಕ್ಷರ ನಾಲ್ಕು ಜನ ನೋಡ್ಲಿ ಅಂತ. ಹಾಳು ಚಪಲ!”

ಅವರ ತಮ್ಮನಿಗೂ ಅಲ್ಲೇ ಕೂಲಿ. ಓದು ಬಾರದವನು. ದಿನಾ ಆ ಅಕ್ಷರದ ಕೆಳಗೆ ನುಗ್ಗಿ ಊಟ ಮಾಡಿ ರೂಢಿಯಾಗಿತ್ತು. ಕಳೆದ ವರ್ಷ ಒಂದು ಮಧ್ಯಾಹ್ನ ಪೈಪು ತೊಳೆಯಲು ಕಳಿಸಿದಾಗ ಈ ಗುಂಡಿಯ ಬಾಗಿಲಿಗೆ ಕೈ ಹಾಕಿದ. ಜೊತೆಗಿದ್ದವನು ತಡೆದರೆ, “ನಮ್ಮಣ್ಣನ ಅಕ್ಷರ ಕಣೋ, ಊಟದ ಮನೇಲೂ ಇದೆಯಲ್ಲ, ಏನಾಗತ್ತೆ?” ಎಂದನಂತೆ. ಒಳಗಿದ್ದದ್ದು ವಿಷಗಾಳಿ. ಇಳಿದವನು ಹತ್ತಿ ಬರಲಿಲ್ಲ.

“ಬಾಗಿಲಿಗೆ ಬೀಗ ಹಾಕದ ಕಂಪನಿಯದಲ್ಲವೇ ತಪ್ಪು?” ನಾನು ಸಿಡುಕಿದೆ.

“ಅವರದ್ದು ಅವರಿಗಿರ್ಲಿ ಸಾರ್. ನನ್ನದು ನನಗೆ ಗೊತ್ತು.”

ತಮ್ಮನ ಹೆಂಡತಿ ಈಗ ಅದೇ ಕ್ಯಾಂಟೀನಿನಲ್ಲಿ ಬಡಿಸುತ್ತಾರೆ. “ಭಾವಂದೇನೂ ತಪ್ಪಿಲ್ಲ,” ಎನ್ನುತ್ತಾರೆ, ತಟ್ಟೆ ಒರೆಸುತ್ತಾ. “ಆದ್ರೆ ನಾನು ಹಿಂದಿನ ಬಾಗಿಲಿಂದಾನೇ ಒಳಗೆ ಬರೋದು.”

‘ಊಟದ ಮನೆ’ಯ ಬೋರ್ಡು ಇಳಿಸಿ ಎಂದು ಬೋರ್ಡಣ್ಣ ಮೂರು ಅರ್ಜಿ ಕೊಟ್ಟಿದ್ದಾರೆ. ಅದು ಕಂಪನಿಯ ಗುರುತು, ಇಳಿಸಲಾಗದು ಎಂಬುದೇ ಉತ್ತರ. ಗೋಡೆಗೆ ಹೇಳಿಕೊಂಡ ಹಾಗೆ! ಹತ್ತೊಂಬತ್ತು ದಿನ ಕಳೆದರೆ ಕೇಳುವುದಕ್ಕೂ ಯಾರೂ ಇರುವುದಿಲ್ಲ.

ಹೊರಡುವಾಗ ಅವರು ಫೋಟೋ ಬೇಡವೆಂದರು. “ಒಂದೇ ಒಂದು ಉಪಕಾರ ಮಾಡಿ. ನಿಮ್ಮ ಪೇಪರಲ್ಲಿ ಇದರ ಹೆಡ್ಡಿಂಗನ್ನ ಆ ಅಕ್ಷರದಲ್ಲಿ ಹಾಕ್ಬೇಡಿ.”

ನನ್ನ ಮುಖ ಸಣ್ಣದಾಯಿತು. ಪುಟ ವಿನ್ಯಾಸದವರು ಆಗಲೇ ಅದೇ ಅಕ್ಷರದಲ್ಲಿ ಹಾಕಿಟ್ಟಾಗಿತ್ತು. ಅಲ್ಲಿಂದಲೇ ಫೋನು ಮಾಡಿ ತೆಗೆಸಿದೆ.

“ದುಂಡಗೇ ಇರ್ಲಿ ಸಾರ್,” ಎಂದು ಅವರು ಕುಂಚ ಅದ್ದಿದರು. “ನನ್ನ ಅಕ್ಷರ ಚೆಂದ ನೋಡೋಕಲ್ಲ. ಕಂಡ ತಕ್ಷಣ ಹೆದರೋಕೆ.”