ಗೌಡರ ಕಟ್ಟೆಯ ಮೇಲೆ ಅಂಬಪ್ಪನ ತಾಟು

ಅಂಬಪ್ಪ ಹಡಗಿನ ಕೆಲಸ ಬಿಟ್ಟು ಊರಿಗೆ ಬರುವಾಗ ದುಡ್ಡು ತರಲಿಲ್ಲ, ಟ್ರಂಕು ತರಲಿಲ್ಲ. ಕೆಂಪು ದಾರದ ಅಂಚಿದ್ದ ಎರಡು ಬಿಳಿ ಅರಿವೆ ತಂದ, ಒಂದು ಕಾಯಿದೆ ತಂದ. ಅರಿವೆ ಹಡಗಿನಿಂದ ಕದ್ದದ್ದು. ಕಾಯಿದೆ ತಲೆಯಲ್ಲೇ ಕೂತು ಬಂದದ್ದು: ಉಂಡವನು ತಾಟನ್ನು ಬಾಗಿಲ ಹೊರಗೆ ಇಡಬೇಕು, ಒಯ್ಯುವವನು ಬಂದು ಒಯ್ಯಬೇಕು.

ಮಸ್ಕಿ ಹಳ್ಳದ ಆಚೆ ದಂಡೆಯ ಊರು ಅವನದು. ನಿಜಾಮನ ಸರಕಾರದ ಕೊನೆಯ ವರ್ಷಗಳು. ಮಾದಿಗರ ಕೇರಿಯಲ್ಲಿ ಅವನಷ್ಟು ಚೆಂದ ತೊಗಲು ಹೊಲಿಯುವವನು ಇನ್ನೊಬ್ಬ ಇರಲಿಲ್ಲ. ಆದರೂ ಒಂದು ದಿನ ಅಪ್ಪನ ಕೂಡ ಜಗಳಾಡಿ, ರಾಯಚೂರಿನಲ್ಲಿ ರೈಲು ಹತ್ತಿ ಬೊಂಬಾಯಿ ಸೇರಿದ್ದ. ಅಲ್ಲೊಬ್ಬ ಮೇಸ್ತ್ರಿ ಅವನನ್ನು ಬಿಳಿ ದೊರೆಗಳು ಹೋಗಿಬರುವ ಹಡಗಿಗೆ ಹಾಕಿದ. ಕೋಣೆಗಳ ಮುಂದಿನ ಓಣಿ ಗುಡಿಸುವುದು, ಬಾಗಿಲ ಹೊರಗಿಟ್ಟ ಎಂಜಲ ತಾಟು ಎತ್ತಿ ಅಡುಗೆಮನೆಗೆ ಮುಟ್ಟಿಸುವುದು, ಇಷ್ಟು ಕೆಲಸ.

ಇದನ್ನು ಕೇಳಲು ಕೇರಿಯೇ ಕೂಡಿತು.

"ಒಳಗ ಕುಂತು ಉಣ್ಣಾಕ ಅವರೇನು ಜಡ್ಡಿನ ಮಂದಿ ಏನೋ?" ಎಂದ ಕೇರಿಯ ಹಿರಿಯ ಹುಸೇನಪ್ಪ.

"ಎಲ್ಲೀ ಜಡ್ಡು ಮಾವ, ಎತ್ತಿನಂಗ ಅದಾರ."

"ಮತ್ತ ಬಾಣಂತಿ ಉಂಡಂಗ ಯಾಕ ಉಂತಾರ?"

"ಗಂಟಿ ಒತ್ತಿದ್ರ ಊಟ ಬರ್ತೈತಿ. ಬಂದಮ್ಯಾಲ ಎದ್ದು ಎಲ್ಲಿಗೆ ಹೋಗ್ಬೇಕು?"

"ನೀ ಅವರ ತಾಟು ಮುಟ್ಟಿದ್ರ ಸುಮ್ಕಿರ್ತಿದ್ರೇನು?"

"ಮುಟ್ಟದಿದ್ರ ಬೈತಿದ್ರು."

ಹುಸೇನಪ್ಪನಿಗೆ ತಲೆ ಕೆಟ್ಟಂತಾಯಿತು. "ಆಮ್ಯಾಲ ಕೈ ತೊಳ್ಕೊಂತಿದ್ದಿಲ್ಲೋ?"

"ಸಾಬೂನು ಹಚ್ಚಿ ತೊಳ್ಕೊಂತಿದ್ದೆ. ಮೈಲಿಗಿ ಅಂತ ಅಲ್ಲ, ಜಿಡ್ಡು ಅಂತ."

ತಾಟು ಇಡುವುದಕ್ಕೂ ಅಲ್ಲಿ ರೀತಿ ಇತ್ತು. ನಡುದಾರಿಯಲ್ಲಿ ಇಡಬಾರದು, ಹೋಗಿಬರುವವರ ಕಾಲಿಗೆ ತಾಗುತ್ತದೆ. ಬಾಗಿಲ ಪಕ್ಕದಲ್ಲಿ ಗೋಡೆಗೆ ಒತ್ತಿ ಇಡಬೇಕು. ಎಲುಬೆಲ್ಲ ಒಂದು ಕಡೆ ಕೂಡಿಸಬೇಕು. ಮೇಲೆ ಬಿಳಿ ಅರಿವೆ ಹೊಚ್ಚಬೇಕು, ಒಬ್ಬರು ಉಂಡುಬಿಟ್ಟದ್ದು ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ರೀತಿ ಗೊತ್ತಿಲ್ಲದ ದೊರೆಗಳೂ ಇದ್ದರು. ಉಂಡ ತಾಟಿನಲ್ಲೇ ಚುಟ್ಟ ಆರಿಸಿ ಹೊರಗೆ ತಳ್ಳುತ್ತಿದ್ದರು. ಅಂಥವರ ಮಾತು ಬಂದರೆ ಅಂಬಪ್ಪ ಮೂಗು ಮುರಿದು, "ಅವಕ್ಕ ಮಡಿಯಿಲ್ಲ, ಮೈಲಿಗಿಯಿಲ್ಲ" ಎನ್ನುತ್ತಿದ್ದ.

ಕಾಯಿದೆಯನ್ನು ಮೊದಲು ಸ್ವಂತ ಮನೆಯಲ್ಲಿ ಜಾರಿ ಮಾಡಲು ನೋಡಿದ. ಮಧ್ಯಾಹ್ನ ಉಂಡು, ತಾಟನ್ನು ಗುಡಿಸಲ ಹೊರಗಿಟ್ಟು, ಅರಿವೆ ಹೊಚ್ಚಿ, ಕಾಲು ಚಾಚಿದ. ಹೆಂಡತಿ ಅಯ್ಯಮ್ಮ ಬಂದು ನೋಡಿದಳು.

"ಇದ್ಯಾಕ ಇಲ್ಲಿ ಕುಂತೈತಿ?"

"ಒಯ್ಯಾಕ ಬರ್ತಾರ."

"ಯಾರು, ನಿಮ್ಮಪ್ಪ ಬರ್ತಾನ?"

"ಹಡಗಿನ್ಯಾಗ ಉಂಡಾವ ತೊಳಿಯಂಗಿಲ್ಲ ಬೇ."

"ಹಡಗಿನ್ಯಾಗ ಅಡಗಿ ಮಾಡಿದಾಕೀನ ತೊಳಿತಿದ್ಲೇನು?"

ಅಂಬಪ್ಪ ನೆನಪು ಮಾಡಿಕೊಂಡ. ಇಲ್ಲ, ಮಾಡುವವರು ಬೇರೆ, ಒಯ್ಯುವವರು ಬೇರೆ, ತೊಳೆಯುವವರು ಬೇರೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಅಂದಮ್ಯಾಲ ಮಾಡಾಕಿ ನಾನು. ಒಯ್ಯಾಂವ ನೀನು, ತೊಳಿಯಾಂವ ನೀನು. ಏಳು." ಅಂದಿನಿಂದ ಅಂಬಪ್ಪ ತನ್ನ ತಾಟು ತಾನೇ ತೊಳೆದ. ಅಯ್ಯಮ್ಮನ ತಾಟನ್ನೂ ತೊಳೆದ.

ಹೆಂಡತಿಯ ಮುಂದೆ ನಡೆಯದ ಕಾಯಿದೆ ಗೌಡನ ಮುಂದೆ ನಡೆಯಿತು.

ಪಂಪಣ್ಣ ಗೌಡನ ತೋಟದ ಬಾವಿಯಿಂದ ನೀರೆತ್ತುವ ತೊಗಲಚೀಲ ಹರಿದಿತ್ತು. ಹೊಲಿಯಲು ಅಂಬಪ್ಪನಿಗೆ ಗೌಡನ ದೊಡ್ಡಮನೆ ವಾಡೆಗೆ ಕರೆ ಬಂತು. ವರ್ಷಪೂರ್ತಿ ಗೌಡನ ತೊಗಲ ಕೆಲಸ ಅವನದು. ಸುಗ್ಗಿಯಲ್ಲಿ ಗೌಡನ ಕಣದಿಂದ ಬರುವ ಜೋಳವೇ ಅವನ ಮಕ್ಕಳ ವರ್ಷದ ರೊಟ್ಟಿ. ಮಧ್ಯಾಹ್ನ ಗೌಡನ ತಾಯಿ ಅಮರಮ್ಮ ರೊಟ್ಟಿ, ಪುಂಡಿಪಲ್ಲೆ ತಂದಳು. ಕೇರಿಯವರಿಗೆಂದು ದನದ ಕೊಟ್ಟಿಗೆಯ ಹೊರಗೋಡೆಯ ಗೂಡಿನಲ್ಲಿ ಅಲ್ಯುಮಿನಿಯಂನ ಒಂದು ಜರ್ಮನ್ ತಾಟು ಇರುತ್ತಿತ್ತು. ಅವರೇ ತಗೊಳ್ಳಬೇಕು, ಅವರೇ ತೊಳೆದು ಇಡಬೇಕು. ಅಂಬಪ್ಪ ತಾಟು ಹಿಡಿದ, ಅಮರಮ್ಮ ಮೇಲಿಂದ ಎತ್ತಿ ಹಾಕಿದಳು. ಬೇವಿನ ನೆರಳಲ್ಲಿ ಕೂತು ಉಂಡ. ಉಂಡವನು ಎದ್ದು, ವಾಡೆಯ ತಲಬಾಗಿಲ ಪಕ್ಕದ ಕಟ್ಟೆಯ ಮೇಲೆ ತಾಟನ್ನು ಗೋಡೆಗೆ ಒತ್ತಿ ಇಟ್ಟ. ಮೇಲೆ ಹಡಗಿನ ಅರಿವೆ ಹೊಚ್ಚಿದ.

"ಅವ್ವಾರ, ಉಂಡಾತ್ರಿ," ಎಂದು ಕೂಗಿ ಕೆಲಸಕ್ಕೆ ಹೋದ. ಯೋಚಿಸಿ ಮಾಡಿದ ಬಂಡಾಯವಲ್ಲ ಅದು, ಕೈಗಂಟಿದ ಚಾಳಿ. ಆದರೆ ಗೌಡ ಹಿಂದೆಯೇ ಆಳು ಕಳಿಸಿ, "ಬಂದು ತೊಳಿಯಂತ ಹೇಳು ಆ ಮಗಗ" ಎಂದಾಗ ಅಂಬಪ್ಪನ ಮೈಯೆಲ್ಲ ಉರಿಯಿತು. "ಉಂಡಾವ ತೊಳಿಯಂಗಿಲ್ಲಂತ ಹೇಳಪ್ಪ," ಎಂದು ಕಳಿಸಿ, ಚೀಲ ಅರ್ಧಕ್ಕೇ ಬಿಟ್ಟು ಮನೆಗೆ ನಡೆದ.

ಅಲ್ಲಿಗೆ ಊರು ಎಂದೂ ಕಾಣದ ಪೇಚು ಹುಟ್ಟಿತು. ಮಾದಿಗ ಉಂಡ ತಾಟು, ವಾಡೆಯವರು ಯಾರೂ ಮುಟ್ಟುವಂತಿಲ್ಲ. ಕೋಲಿನಿಂದ ತಳ್ಳಿಬಿಡಬಹುದಿತ್ತು. ಆದರೆ ಅಂಬಪ್ಪನ ಎಂಜಲನ್ನು ಗೌಡನೇ ಎತ್ತಿಸಿದ ಅಂತ ಊರು ನಕ್ಕೀತು. "ಇಟ್ಟ ಕೈಲೇ ತೆಗಸ್ತೀನಿ," ಎಂದು ಗೌಡ ಹಟ ಹಿಡಿದ. ಸೊಸೆಯಂದಿರು ಸೆರಗು ಒತ್ತಿಕೊಂಡು ಅಡ್ಡಡ್ಡ ನಡೆದು ನೀರಿಗೆ ಹೋದರು. ನೊಣ, ಇರುವೆ ಮಾತ್ರ ಯಾವ ಸಂಕೋಚವಿಲ್ಲದೆ ಬಂದುಹೋದವು.

ಮರುದಿನ ಗೌಡ ಹುಸೇನಪ್ಪನನ್ನು ಕರೆಸಿದ. "ನೀನರ ತಗಿಯೋ ಮುದುಕಪ್ಪ."

ಹುಸೇನಪ್ಪ ಬಗ್ಗಿ ತಾಟನ್ನು ನೋಡಿ ಕೈ ಹಿಂದೆ ಕಟ್ಟಿಕೊಂಡ. "ಬರಂಗಿಲ್ರಿ ಧಣೇರ. ಅವರ ಮನಿಗೆ ನಾವು ಹೆಣ್ಣು ಕೊಟ್ಟೀವಿ. ಬೀಗರ ಎಂಜಲಾ ನಾವು ಮುಟ್ಟಂಗಿಲ್ಲ."

"ನಿಮ್ಮಾಗೂ ಹಿಂಗೆಲ್ಲಾ ಅದಾವೇನ್ಲೇ?"

"ಮೊದಲಿದ್ದಿಲ್ರಿ. ನಿಮ್ಮನ್ನ ನೋಡಿ ಕಲ್ತೀವಿ."

ಹೆಣ್ಣು ಕೊಟ್ಟದ್ದೆಲ್ಲ ಸುಳ್ಳು. ಅಯ್ಯಮ್ಮ ಬೆಳಿಗ್ಗೆಯೇ ಗುಡಿಸಲು ಗುಡಿಸಲಿಗೆ ಹೋಗಿ, "ಆ ತಾಟು ಎತ್ತಿದವರ ಕೈ ನಾ ಮುರೀತೀನಿ," ಎಂದು ಸಾರಿ ಬಂದಿದ್ದಳು. ಗಂಡ ಬೆರಗಿನಿಂದ ಕಣ್ಣು ಬಿಟ್ಟಾಗ, "ಮನ್ಯಾಗ ತೊಳಿ. ಅಲ್ಲಿ ತೊಳದ್ರ ಹಡಗಿಗೇ ವಾಪಸ್ ಹೋಗು," ಎಂದಳು.

ಗೌಡ ಕೊನೆಯ ಮಾತು ಕಳಿಸಿದ: ನಾಳೆ ಬಂದು ತಾಟು ತೊಳೆದರೆ ಸರಿ, ಇಲ್ಲದಿದ್ದರೆ ಸುಗ್ಗಿಗೆ ಕಣದ ಕಡೆ ತಲೆ ಹಾಕಬಾರದು.

ಅಂಬಪ್ಪನ ಉರಿ ತಣ್ಣಗಾಯಿತು. ಕಾಯಿದೆ ಬೇಯಿಸಿ ಉಣ್ಣಲಾಗುತ್ತದೆಯೇ? ಮರುದಿನ ಅಯ್ಯಮ್ಮನಿಗೆ ತೊಗಲು ನೋಡಲು ಹೋಗುತ್ತೇನೆಂದು ಹೇಳಿ ವಾಡೆಯ ದಾರಿ ಹಿಡಿದ. ತೊಳೆದುಬಿಡುವುದೆಂದೇ ಹೊರಟಿದ್ದ. ಹಡಗಿನಲ್ಲಿ ಎತ್ತಿದ ತಾಟಿಗೆ ಲೆಕ್ಕವಿಲ್ಲ, ಇದೊಂದು ಯಾವ ದೊಡ್ಡದು ಎಂದು ಹೆಜ್ಜೆಹೆಜ್ಜೆಗೂ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ಹೆಜ್ಜೆ ಸಣ್ಣದಾಯಿತು.

ಅವನಿಗಿಂತ ಮೊದಲು ಕಂದಾಯದ ಅಧಿಕಾರಿ ಗಿರ್ದಾವರನ ಜವಾನ ದಸ್ತಗೀರ್‌ಸಾಬ್ ಸಿಂಧನೂರಿನಿಂದ ವಾಡೆಗೆ ಬಂದಿದ್ದ. ಸಾಹೇಬರು ಸಂಜೆ ಬರುತ್ತಾರೆ, ಊಟದ ಬಂದೋಬಸ್ತು ನೋಡಬೇಕಿತ್ತು. ಗೌಡ ರುಮಾಲು ಸರಿಮಾಡಿಕೊಳ್ಳುತ್ತ ಹೊರಗೆ ಓಡಿಬರುವಷ್ಟರಲ್ಲಿ ದಸ್ತಗೀರ್‌ಸಾಬನ ಕಣ್ಣು ಕಟ್ಟೆಯ ಮೇಲೆ ಬಿದ್ದಿತ್ತು. ಕೆಂಪಂಚಿನ ಬಿಳಿ ಅರಿವೆ ಹೊಚ್ಚಿದ ತಾಟು! ಅವನ ಮನೆಯ ಕಡೆ ಹಾಗೆ ಮುಚ್ಚಿದ ತಾಟು ಬಂದರೆ ಒಳಗೆ ಚೊಂಗೆಯೋ ಮಾಲ್ದಿಯೋ, ಏನಾದರೊಂದು ಸಿಹಿ ಇರಲೇಬೇಕು. ನಡೆದು ಬಂದ ಹೊಟ್ಟೆ. ಎತ್ತಿಕೊಂಡು ಅರಿವೆ ಸರಿಸಿದ. ಒಣಗಿದ ರೊಟ್ಟಿಯ ತುದಿ, ಪುಂಡಿಪಲ್ಲೆಯ ಕಲೆ, ಇರುವೆಯ ಸಾಲು.

"ಕ್ಯಾ ಗೌಡಾ? ಸರಕಾರಿ ಮಂದೀಗಿ ಎಂಜಲ ತಾಟ್ ಇಟ್ಟೀರಿ? ಹಿಡೀರಿ!"

ಸರಕಾರದ ಕೈ ಮುಂದೆ ಬಂದರೆ ಗೌಡನ ಸೊಂಟ ತಾನಾಗಿ ಬಗ್ಗುತ್ತಿತ್ತು. ಕೊಟ್ಟದ್ದನ್ನು ಎರಡೂ ಕೈಯಿಂದ ಇಸಿದುಕೊಳ್ಳುವುದು ಅವನಿಗೂ ಅಪ್ಪ, ಅಜ್ಜಂದಿರಿಗೂ ಬಂದ ರೂಢಿ. ಬಗ್ಗಿದ. ಎರಡೂ ಕೈ ಒಡ್ಡಿದ. ಇಸಿದುಕೊಂಡ.

ಇಸಿದುಕೊಂಡ ಮೇಲೆ ನೆನಪಾಯಿತು.

ಒಳಗಿನಿಂದ ಅಮರಮ್ಮ ಚೀರಿದಳು. "ಒಳಗ ಬರಬ್ಯಾಡೋ! ಅಲ್ಲೇ ನಿಂದ್ರು! ಇನ್ನೆಲ್ಲೂ ಇಡಬ್ಯಾಡ!"

ಜವಾನನಿಗೆ ವಿಷಯ ಹೇಳುವಂತಿಲ್ಲ, ಅವನೂ ಮುಟ್ಟಿದ್ದಾನೆ, ಸಾಹೇಬರಿಗೆ ಹೇಳಿದರೆ ಮುಗಿಯಿತು. "ದಣಿದಿರಬೇಕ್ರಿ, ತ್ವಾಟದಾಗ ನೆಳ್ಳೈತಿ," ಎಂದು ಗೌಡ ಹಲ್ಲು ಕಿರಿದು ಅವನನ್ನು ಸಾಗಹಾಕಿದ. ಆಮೇಲೆ ಅಮರಮ್ಮ ತುಂಬಿದ ಕೊಡ ತಂದು ದೂರ ನಿಂತು ಮೇಲಿಂದ ನೀರು ಸುರಿದಳು. ಗೌಡ ಬೇವಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಬೂದಿ ಹಚ್ಚಿ ತಾಟು ತಿಕ್ಕತೊಡಗಿದ.

ಆಗ ಅಂಬಪ್ಪ ಬಂದ.

ಗೌಡ ತಲೆ ಎತ್ತದೆ ತಿಕ್ಕಿದ. ಅಂಬಪ್ಪನ ಬಾಯಿಂದ ಹಡಗಿನ ಅಡುಗೆಮನೆಯಲ್ಲಿ ದಿನಾ ಕೇಳಿದ ಮಾತೇ ಹೊರಬಿತ್ತು.

"ಅಂಚಿಗಿನ್ನೂ ಜಿಡ್ಡೈತ್ರಿ ಧಣೇರ."

ಗೌಡ ಅಂಚು ತಿಕ್ಕಿದ. ತೊಳೆದ ತಾಟನ್ನು ಒಯ್ದು ಗೂಡಿನಲ್ಲಿಟ್ಟ. ಬಂದು, ಎಲ್ಲೋ ನೋಡುತ್ತ, "ಯಾರ ಮುಂದರ ಬಾಯಿ ಬಿಟ್ಟಿ ನೋಡು," ಎಂದ.

"ಕಣದ್ದು ಹೆಂಗ್ರಿ?"

"ಬಂದು ಅಳಕೊಂಡು ಹೋಗಲೇ!"

ಅಂಬಪ್ಪ ಅಂದೇ ತೊಗಲಚೀಲ ಹೊಲಿದು ಮುಗಿಸಿದ. ತಾನು ತೊಳೆಯಲೆಂದೇ ಹೋಗಿದ್ದನ್ನು ಸಾಯುವತನಕ ಅಯ್ಯಮ್ಮನಿಗೆ ಹೇಳಲಿಲ್ಲ.

ಸುಗ್ಗಿಗೆ ಗೌಡ ತಕರಾರು ತೆಗೆಯದೆ ಜೋಳ ಅಳೆದು ಹಾಕಿದ. ಅಂದು ಕಣಕ್ಕೆ ಅಮರಮ್ಮ ಊಟ ತಂದಿದ್ದಳು, ಕೇರಿಯವರಿಗೆಲ್ಲ ಈ ಸಲ ತಾಟಿಲ್ಲ, ಮುತ್ತಗದ ಎಲೆ. ಮಗ ರಾಶಿಯ ಆಚೆ ಹೋದದ್ದನ್ನು ನೋಡಿಕೊಂಡು ಅವಳು ಅಂಬಪ್ಪನ ಹತ್ತಿರ ಬಂದು, ಮೊದಲಿನಷ್ಟೇ ದೂರದಲ್ಲಿ ನಿಂತಳು.

"ಹಡಗಿನ್ಯಾಗ ಹೆಣ್ಣುಮಕ್ಕಳೂ ಇರ್ತಿದ್ರೇನು?"

"ಇರ್ತಿದ್ರು ಅವ್ವಾರ."

"ಅವರ ತಾಟು?"

"ಅವರೂ ಹೊರಗ ಇಡ್ತಿದ್ರು. ನಾ ಒಯ್ತಿದ್ದೆ."

ಅಮರಮ್ಮ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. ಐವತ್ತು ವರ್ಷ ತಾಟು ತಿಕ್ಕಿದ ಬೂದಿ ಉಗುರಿನ ಸಂದಿಯಲ್ಲಿ ಕರ್ರಗೆ ಕೂತಿತ್ತು.

"ರಾಯಚೂರಾಗ ರೈಲು ಹತ್ತಿ ಹೋಗಿದ್ದಿಯಂತಲ್ಲ," ಎಂದಳು, "ಅದು ಯಾವ ಹೊತ್ತಿಗೆ ಬರ್ತೈತೋ?"