ಪಂಚಾಕ್ಷರಯ್ಯನವರ ಕಿವಿ ಮೆಷೀನು

ಜೇವರ್ಗಿ ಕಡೆಯ ಪಂಚಾಕ್ಷರಯ್ಯನವರು ಕಿವುಡರಾದದ್ದು ಶ್ರಾವಣದ ಒಂದು ಸೋಮವಾರ, ಸಂಜೆ ಏಳಕ್ಕೆ ಹತ್ತು ನಿಮಿಷವಿದ್ದಾಗ, ಕಾಕ್ಸ್ ಟೌನಿನ ತಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ. ಅದಕ್ಕೆ ಮೊದಲು ಅವರ ಕಿವಿಗಳಿಗೆ ಏನೂ ಆಗಿರಲಿಲ್ಲ. ಆಮೇಲೂ ಏನೂ ಆಗಲಿಲ್ಲ. ಆದರೂ ಮುಂದಿನ ಮೂರು ತಿಂಗಳು ಆ ಬೀದಿಯ ಮಟ್ಟಿಗೆ ಅವರು ಕಿವುಡರಾಗಿಯೇ ಬಾಳಿದರು.

ಐವತ್ತೊಂದರ ಪಂಚಾಕ್ಷರಯ್ಯನವರು ಇಂದಿರಾನಗರದ ಒಂದು ಕಂಪನಿಯಲ್ಲಿ ಅಡ್ಮಿನ್. ಅಂದರೆ ಆರುನೂರು ಜನ ಕೆಲಸ ಮಾಡುವ ಕಟ್ಟಡದಲ್ಲಿ ಯಾವ ಕುರ್ಚಿ ಕಿರುಗುಟ್ಟಿದರೂ, ಕಾಫಿ ಮೆಷೀನು ಬರೀ ಬಿಸಿನೀರು ಕಕ್ಕಿದರೂ ಸುದ್ದಿ ಮೊದಲು ತಲುಪುವುದು ಅವರ ಕಿವಿಗೆ. ಏಸಿ ಜಾಸ್ತಿಯಾಯಿತೆಂದು ಒಬ್ಬಳು ದೂರಿ ಹೊರಡುವಷ್ಟರಲ್ಲಿ ಏಸಿ ಸಾಲದೆಂದು ಇನ್ನೊಬ್ಬ ಬಾಗಿಲಲ್ಲಿ ನಿಂತಿರುತ್ತಿದ್ದ. ಮನೆಗೆ ಬಂದರೆ ಟೀವಿ, ಕುಕ್ಕರು, ನೀರಿನ ಮೋಟರು. ಎಲ್ಲಕ್ಕಿಂತ ಮಿಗಿಲಾಗಿ ಮನೆ ಓನರ್ ಹೆಂಡತಿ ಆಂಜನಮ್ಮ. ಆಕೆ ಮೆಟ್ಟಿಲ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರೆಂದರೆ ಅದೇ ಸುಂಕದ ಕಟ್ಟೆ. ಅರ್ಧ ಗಂಟೆ ಕೇಳಿಸಿಕೊಳ್ಳದೆ ಯಾರೂ ಮಹಡಿ ಹತ್ತುವಂತಿರಲಿಲ್ಲ.

ಇಂಥ ಮುತ್ತಿಗೆಯಲ್ಲಿದ್ದ ವೀರನಿಗೆ ಒಂದು ಆಯುಧ ಒದಗಿತು. ಆಫೀಸಿನ ಇಂಜಿನಿಯರ್ ಕಿರಣಕುಮಾರ ಹೊಸದು ಕೊಂಡಿದ್ದರಿಂದ ತನ್ನ ಹಳೆಯದನ್ನು ಇವರ ಕೈಗಿಟ್ಟ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ, ಕಪ್ಪು ಲೋಹದ ಡಬ್ಬಿ. ಒಂದು ಕಡೆ ಮೊಬೈಲಿಗೆ ಚುಚ್ಚುವ ಗೇಣುದ್ದದ ವೈರು, ಇನ್ನೊಂದು ಕಡೆ ಇಯರ್‌ಫೋನಿನ ತೂತು, ನೆತ್ತಿಯ ಮೇಲೆ ತಿರುಗಿಸುವ ಪುಟ್ಟ ಬಿರಟೆ, ಪಕ್ಕದಲ್ಲಿ ನೀಲಿ ದೀಪ.

“ಇದು ಡ್ಯಾಕ್ ಸರ್. ಮೊಬೈಲೊಳಗೆ ಹಾಡು ಬರೀ ನಂಬರ್ ಆಗಿ ಬಿದ್ದಿರುತ್ತೆ. ಇದು ಅದನ್ನ ನಾದ ಮಾಡುತ್ತೆ, ಆಮೇಲೆ ಅದಕ್ಕೆ ಶಕ್ತಿ ತುಂಬಿ ಕಿವಿಗೆ ಕಳಿಸುತ್ತೆ. ಒಂದ್ಸಲ ಕೇಳಿ, ಮತ್ತೆ ಬರೀ ಮೊಬೈಲಲ್ಲಿ ಕೇಳೋಕಾಗಲ್ಲ.”

ಮನೆಯಲ್ಲಿ ಹೆಂಡತಿ ಶರಣಮ್ಮ ಅದನ್ನು ತಿರುಗಿಸಿ ನೋಡಿದರು. “ಡಾಕ್ ಅಂದ್ರ ಟಪಾಲು ಅಲ್ಲೇನ್ರಿ? ಇದರಾಗ ಯಾರ ಪತ್ರ ಬರ್ತದ?”

ಬಂದದ್ದು ಹಾರ್ಮೋನಿಯಂ. ಪಂಚಾಕ್ಷರಯ್ಯನವರ ಮೊಬೈಲಿನಲ್ಲಿ ಹಳೆಯ ಭಜನಾ ಮೇಳಗಳ ರೆಕಾರ್ಡಿಂಗು ರಾಶಿ ಇತ್ತು; ಇಷ್ಟು ವರ್ಷ ಅವು ಡಬ್ಬದಲ್ಲಿ ಗುಂಯ್‌ಗುಟ್ಟುವ ನೊಣಗಳಂತೆ ಕೇಳುತ್ತಿದ್ದವು. ಈಗ ಹಾರ್ಮೋನಿಯಮ್ಮಿನ ತಿದಿ ಉಸಿರೆಳೆದುಕೊಳ್ಳುವುದು ಕೇಳಿಸಿತು. ಹಾಡುವವನು ಗಂಟಲು ಸರಿಪಡಿಸಿಕೊಂಡದ್ದು ಕೇಳಿಸಿತು. ಎಡಗಡೆ, ಸ್ವಲ್ಪ ಹಿಂದೆ, ಯಾರೋ ಚಹಾದ ಲೋಟವನ್ನು ಕಲ್ಲಿನ ಮೇಲಿಟ್ಟದ್ದೂ ಕೇಳಿಸಿತು. ಇಯರ್‌ಫೋನ್ ಕಿವಿಯ ಹಿಂಬದಿಯಿಂದ ಸುತ್ತಿಕೊಂಡು ಬಂದು ಒಳಗೆ ಬಿಗಿಯಾಗಿ ಕೂರುವಂಥದ್ದು. ಹೊರಗಿನ ಲೋಕ ಪೂರ್ತಿ ಬಂದ್. ದಿನಕ್ಕೊಂದು ಗಂಟೆ, ಏಳರಿಂದ ಎಂಟು, ಟೆರೇಸಿನ ನೀರಿನ ಟ್ಯಾಂಕಿಗೊರಗಿ ಇದನ್ನು ಕೇಳುವುದು. ಜೀವನದಲ್ಲಿ ಇನ್ನೇನೂ ಬೇಡವೆಂದು ಅವರು ತೀರ್ಮಾನಿಸಿದರು.

ಆ ಸೋಮವಾರ ಅವರಿಗೆ ಏಳು ಗಂಟೆಯವರೆಗೆ ಕಾಯಲಾಗಲಿಲ್ಲ. ಡಬ್ಬಿಯನ್ನು ಅಂಗಿ ಜೇಬಿಗಿಳಿಸಿ, ವೈರು ಕಿವಿಗೇರಿಸಿ ಗೇಟು ದಾಟಿದರು. ಆಂಜನಮ್ಮನ ತುಟಿಗಳು ಆಡುತ್ತಿರುವುದು ಕಂಡಿತು. ಪಂಚಾಕ್ಷರಯ್ಯನವರು ನಿಂತು, ನಗುತ್ತ, “ಹೌದ್ರಿ” ಎಂದರು. ಮತ್ತೆ ತುಟಿಗಳಾಡಿದವು. “ಹೌದ್ರಿ.” ಅವರ ಕಡೆ ಹೌದ್ರಿ ಎಂದರೆ ಒಪ್ಪಿಗೆಯಲ್ಲ, ನೀವು ಹೇಳುತ್ತಿರಿ, ನಾನಿನ್ನೂ ಎದ್ದು ಹೋಗಿಲ್ಲ ಎಂದು ಸೂಚಿಸುವ ಒಂದು ಸದ್ದು. ಹಸುವಿನ ಕೊರಳ ಗಂಟೆಯಂತೆ ಅದು ತಾನಾಗಿ ಬರುತ್ತದೆ. ಆಂಜನಮ್ಮ ಕೇಳಿದ್ದು ಮಾತ್ರ ಇಷ್ಟು:

“ಅಯ್ಯೋ ಪಾಪ, ಕಿವಿ ಮೆಷೀನಾ? ನಮ್ಮಪ್ಪಾಜಿನೂ ಹಿಂಗೇ ಜೇಬಲ್ಲಿ ಡಬ್ಬಿ ಇಟ್ಕೊಂಡು ವೈರ್ ಹಾಕ್ಕೊಳ್ತಿದ್ರು. ಎರಡೂ ಕಿವಿ ಹೋಗ್ಬಿಟ್ಟಿದ್ಯಾ?”

“ಹೌದ್ರಿ.”

ಮರುದಿನ ಬೆಳಿಗ್ಗೆ ಶರಣಮ್ಮ ನೀರು ಹಿಡಿದುಕೊಂಡು ಮೇಲೆ ಬಂದವರು ಕೊಡ ಇಳಿಸಿ ಸೊಂಟದ ಮೇಲೆ ಕೈಯಿಟ್ಟರು.

“ಏನ್ರೀ, ನಿಮಗ ಕಿವಿ ಕೇಳೋದಿಲ್ಲಂತ. ಬೀದಿಗೆಲ್ಲ ಗೊತ್ತದ, ನನಗಷ್ಟೇ ಗೊತ್ತಿಲ್ಲ.”

“ನಾ ಯಾವಾಗ ಹಂಗ ಹೇಳೀನಿ?”

“ಹೌದ್ರಿ ಅಂದೀರಂತಲ್ಲ.”

“ಅದು ಸುಮ್ನ ಹೌದ್ರಿ.”

“ಇದು ಬೆಂಗಳೂರು. ಇಲ್ಲಿ ಹೌದ್ರಿ ಅಂದ್ರ ಹೌದೇ.”

ಈಗಲೇ ಇಳಿದು ಹೋಗಿ ಸರಿಪಡಿಸುತ್ತೇನೆಂದು ಪಂಚಾಕ್ಷರಯ್ಯನವರು ಚಪ್ಪಲಿ ಮೆಟ್ಟಿದರು. ಶರಣಮ್ಮ ಅಡ್ಡ ಬಂದರು. “ತಡೀರಿ ಸ್ವಲ್ಪ. ಇವತ್ತ ಆಂಜನಮ್ಮ ಪಾಪ ಅಂತ ಟೆರೇಸಿನ ಬಿಸಲಿರೋ ಹಗ್ಗ ನಮಗ ಬಿಟ್ಟುಕೊಟ್ಟಾರ. ನಾಲ್ಕು ವರ್ಷದಾಗ ಮೊದಲನೇ ಸಲ. ಬಟ್ಟೆ ಒಣಗ್ಲಿ, ಆಮ್ಯಾಲ ಹೇಳೀರಂತ.”

ಬಟ್ಟೆ ಒಣಗಿತು. ಸತ್ಯ ಹಸಿಯಾಗಿಯೇ ಉಳಿಯಿತು. ಒಂದು ದಿನ ತಡವಾದ ಸತ್ಯವನ್ನು ಮರುದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂಬ ಎರಡನೆಯ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ. ವಾರ ಕಳೆದರೆ ಮನೆಯನ್ನೇ ಖಾಲಿ ಮಾಡಬೇಕಾಗುತ್ತದೆ. ಮೊದಲ ವಾರ ಅವರು ಚಕ್ರವರ್ತಿಯಂತೆ ಮೆಟ್ಟಿಲೇರಿದರು. ಸುಂಕವಿಲ್ಲ. ಮೋಟರ್ ಹಾಕುವ ಪಾಳಿಯಿಲ್ಲ, ಏಕೆಂದರೆ ಟ್ಯಾಂಕು ತುಂಬಿ ಹರಿಯುವ ಸದ್ದು ಕಿವುಡರಿಗೆ ಕೇಳುವುದಿಲ್ಲ. ಟೆರೇಸಿನಲ್ಲಿ ಹಾರ್ಮೋನಿಯಂ ಉಸಿರಾಡಿದ್ದೇ ಉಸಿರಾಡಿದ್ದು.

ಎರಡನೆಯ ವಾರ ಪಂಜರದ ಕಂಬಿಗಳು ಒಂದೊಂದಾಗಿ ಕಾಣತೊಡಗಿದವು. ಗೇಟಿನಿಂದಾಚೆ ಡಬ್ಬಿಯಿಲ್ಲದೆ ಕಾಲಿಡುವಂತಿಲ್ಲ. ಬ್ಯಾಟರಿ ಸತ್ತರೂ ಸತ್ತ ಡಬ್ಬಿಯನ್ನೇ ಹೊರಬೇಕು; ಹಾಡು ನಿಂತರೆ ಹೊರಗಿನದೆಲ್ಲ ಕೇಳಿಸುತ್ತದೆ. ಹಿಂದಿನಿಂದ ಆಟೋ ಹಾರನ್ ಹೊಡೆದರೆ ತಿರುಗಬಾರದು. ಅಂತರಾತ್ಮ ಹಾರಿದರೂ ಕಾಲು ಹಾರಬಾರದು. ಆಂಜನಮ್ಮ ಅವರನ್ನೆದುರಿಗಿಟ್ಟುಕೊಂಡೇ ಪಕ್ಕದ ಮನೆಯವರಿಗೆ, “ಬಾತುಕೋಳಿ ಥರ ನಡೀತಾರೆ ನೋಡಿ, ಒಳ್ಳೇವ್ರು ಪಾಪ. ಹೆಂಡ್ತಿ ಹುಳಿ ಮಾತ್ರ ಬಾಯಿಗಿಡೋಕಾಗಲ್ಲ,” ಎನ್ನುವಾಗ ಮುಖವನ್ನು ಕಾಂಪೌಂಡ್ ಗೋಡೆಯಂತೆ ಇಟ್ಟುಕೊಳ್ಳಬೇಕು. ಬೇಸಿಗೆಗೆ ಈ ಮನೆಯನ್ನು ತಮ್ಮ ತಂಗಿಯ ಮಗನಿಗೆ ಕೊಡಿಸುವ ಯೋಚನೆಯನ್ನೂ ಆಕೆ ಹೀಗೆಯೇ ಅವರ ಮೂಗಿನ ಕೆಳಗೆ ಬಿಚ್ಚಿಟ್ಟರು. ಅದಕ್ಕೂ ಪಂಚಾಕ್ಷರಯ್ಯನವರು ಮುಗುಳ್ನಕ್ಕರು.

ಇದಕ್ಕಿಂತ ಘೋರವಾದದ್ದೆಂದರೆ ಜನರ ಕರುಣೆ. ಧ್ವನಿ ಒಳಗೆ ಹೋಗುವುದು ಜೇಬಿನ ಡಬ್ಬಿಯಿಂದ ಎಂದು ಆಂಜನಮ್ಮ ತಮ್ಮ ಅಪ್ಪಾಜಿಯ ಅನುಭವದಿಂದ ಎಲ್ಲರಿಗೂ ತಿಳಿಹೇಳಿದ್ದರು. ಹಾಗಾಗಿ ಬೀದಿಯವರು ಅವರ ಮುಖ ಬಿಟ್ಟು ಎದೆಯೊಡನೆ ಮಾತಾಡತೊಡಗಿದರು. ಬೇಕರಿಯ ಕೆಂಪರಾಜ್ ಬಡಾವಣೆಯ ಕನ್ನಡ ಸಂಘದ ಅಧ್ಯಕ್ಷರು, ಮೈಕಿನ ಮುಂದೆ ಬೆಳೆದವರು. ಅವರು ಸೊಂಟ ಬಗ್ಗಿಸಿ, ಜೇಬಿಗೆ ಬಾಯಿ ತಾಗಿಸಿ, “ಹಲೋ, ಹಲೋ, ಪಂಚಾಕ್ಷರಯ್ಯನೋರೇ, ಬನ್ ಬೇಕಾ ಬ್ರೆಡ್ ಬೇಕಾ?” ಎಂದು ಅಬ್ಬರಿಸುತ್ತಿದ್ದರು. ಹಾರ್ಮೋನಿಯಂ ಕೇಳಲೆಂದು ಬಂದ ಡಬ್ಬಿ ಹೀಗೆ ಊರವರ ಉಗುಳು ಹಿಡಿಯುವ ಪಾತ್ರೆಯಾಯಿತು.

ನವೆಂಬರ್‌ ಬಂತು. ಕೆಂಪರಾಜ್ ಒಂದು ಬೆಳಿಗ್ಗೆ ಜೇಬಿಗೆ ಶುಭ ಸಮಾಚಾರ ಘೋಷಿಸಿದರು.

“ಸಾರ್, ರಾಜ್ಯೋತ್ಸವಕ್ಕೆ ಭಾನುವಾರ ಉಚಿತ ಕಿವಿ ತಪಾಸಣೆ ಇಟ್ಟಿದೀವಿ. ಆರು ಜನಕ್ಕೆ ಹೊಸಾ ಮೆಷೀನ್, ಫ್ರೀ. ಈ ಹಳೇ ಡಬ್ಬಿ ಎಸ್ದ್ಬಿಡಿ. ಲಿಸ್ಟಲ್ಲಿ ಮೊದಲನೇ ಹೆಸರೇ ನಿಮ್ಮದು. ಶಾಲೂ ಹೊದಿಸ್ತೀವಿ.”

ಕೈಯಲ್ಲಿದ್ದ ಪಟ್ಟಿಯನ್ನು ಅವರು ಓದಲೆಂದು ತೋರಿಸಿದರು. ಆರು ಹೆಸರು. ಆರರ ಕೆಳಗೊಂದು ಗೆರೆ. ಗೆರೆಯ ಕೆಳಗೆ ಪೆನ್ಸಿಲಿನಲ್ಲಿ ಏಳನೆಯದು: ಅಮೃತಮ್ಮ, ಹೂವು.

ಅಮೃತಮ್ಮನನ್ನು ಪಂಚಾಕ್ಷರಯ್ಯನವರು ದಿನಾ ನೋಡುತ್ತಿದ್ದರು. ಚರ್ಚಿನ ತಿರುವಿನಲ್ಲಿ ಬುಟ್ಟಿಯಿಟ್ಟು ಕೂರುವಾಕೆ. ಒಂದು ಮೊಳ ಕೇಳಿದರೆ ಎರಡು ಅಳೆಯುವಳು. ಹೋದ ವಾರ ನೀರಿನ ಟ್ಯಾಂಕರೊಂದು ಹಿಂದಕ್ಕೆ ಬರುವಾಗ, ಅಷ್ಟು ಜನ ಕೂಗಿದರೂ ಆಕೆ ಅಲುಗದೆ ಕೂತಿದ್ದಳು; ಬುಟ್ಟಿ ಚಪ್ಪಟೆಯಾಗಿತ್ತು. ಆಕೆಗೂ ಚಕ್ರಕ್ಕೂ ನಡುವೆ ಒಂದು ಗೇಣು ಉಳಿದಿತ್ತು.

“ನನಗ ಬ್ಯಾಡ್ರಿ,” ಎಂದರು ಪಂಚಾಕ್ಷರಯ್ಯನವರು.

“ಸಂಕೋಚ ಯಾಕೆ ಸಾರ್,” ಎಂದಿತು ಅವರ ಎದೆಗೆ ಕೆಂಪರಾಜ್ ಬಾಯಿ. “ಬೇಡ ಅನ್ನೋರಿಗೇ ಕೊಡ್ಬೇಕು.”

ಮನೆಯಲ್ಲಿ ಶರಣಮ್ಮನಿಗೆ ನಗು ಬರಲಿಲ್ಲ. “ಹಗ್ಗ ಹೋದ್ರ ಹೋಗ್ಲಿ. ಆ ಹೂವಿನಾಕಿ ಪಾಲಿಂದು ನೀವು ತಂದ್ರ ನಾ ಆ ತಿರುವಿನಾಗ ಮುಖ ಎತ್ತಿ ನಡೀಲಾರೆ.”

“ಎಲ್ಲರ ಮುಂದ ಹೆಂಗ ಹೇಳ್ಲಿ? ಮೂರು ತಿಂಗಳು ಅವರ ಮಾತೆಲ್ಲ ಕೇಳ್ಕೋತ ನಿಂತೀನಿ. ಕಳ್ಳ ಅಂತಾರ.”

“ಅನ್ಲಿ. ಕೇಳಸ್ತದಲ್ಲ ನಿಮಗ, ಕೇಳ್ಕೋರಿ.”

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಮುಂದೆ ಒಂದು ಬಿಳಿ ವ್ಯಾನು. ಅದರೊಳಗೆ ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆ, ಗೋಡೆಗೆಲ್ಲ ಮೆತ್ತೆ. ತಪಾಸಣೆಯ ಹುಡುಗಿ ಶೀತಲ್ ಅವರ ಡಬ್ಬಿ, ವೈರು ಬಿಚ್ಚಿಸಿ ಪಕ್ಕಕ್ಕಿಟ್ಟು, ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟಳು. “ಬೀಪ್ ಕೇಳಿಸಿದಾಗೆಲ್ಲ ಒತ್ತಿ ಅಂಕಲ್,” ಎಂದು ಸನ್ನೆಯಲ್ಲೂ ತೋರಿಸಿ ಬಾಗಿಲು ಮುಚ್ಚಿದಳು.

ಬಾಗಿಲು ಮುಚ್ಚಿದ್ದೇ ಬೆಂಗಳೂರು ನಿಂತುಹೋಯಿತು. ಹಾರನ್ನಿಲ್ಲ, ಮೋಟರಿಲ್ಲ, ಆಂಜನಮ್ಮನಿಲ್ಲ. ಪಂಚಾಕ್ಷರಯ್ಯನವರಿಗೆ ತಮ್ಮ ರಕ್ತ ಹರಿಯುವುದೇ ಕೇಳಿಸಿತು. ಮೂರು ತಿಂಗಳಿಂದ ಯಾವ ಮೌನಕ್ಕಾಗಿ ಸುಳ್ಳು ಹೊತ್ತರೋ ಅದು ಇಲ್ಲಿ, ನಾಲ್ಕು ಅಡಿ ಅಗಲದ ಪೆಟ್ಟಿಗೆಯಲ್ಲಿ, ಹೊರಗಿನಿಂದ ಚಿಲಕ ಹಾಕಿಕೊಂಡು ಕೂತಿತ್ತು. ಆಗ ಬೀಪ್ ಬಂತು, ಸೂಜಿಯ ಮೊನೆಯಷ್ಟು. ಹೆಬ್ಬೆರಳು ಅಲುಗಲಿಲ್ಲ. ಇನ್ನೊಂದು ಬಂತು. ಒತ್ತದಿದ್ದರೆ ಶಾಲು, ಮೆಷೀನು, ಹಗ್ಗ. ಒತ್ತಿದರೆ ಬೀದಿಯೆಲ್ಲ ಆಡಿಕೊಳ್ಳುವ ಬದುಕು. ಶೀತಲ್ ಹುಬ್ಬೇರಿಸಿ ಶಬ್ದ ಹೆಚ್ಚಿಸಿದಳು. ಬೀಪು ಈಗ ಪೀಪಿಯಾಯಿತು, ಪೀಪಿ ಶಂಖವಾಯಿತು, ಹಲ್ಲಿನ ಬೇರಿಗೆ ತಗುಲಿತು. ಅವರು ಬೆವರುತ್ತ ಗಾಜಿನಾಚೆ ನೋಡಿದರು.

ವ್ಯಾನಿನ ತೆರೆದ ಬಾಗಿಲಾಚೆ ಅಮೃತಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು. ಕೆಂಪರಾಜ್ ಆಕೆಗೆ ಏನೋ ಹೇಳಿದರು. ಆಕೆ ನಕ್ಕಳು. ಅವರು ಕೈ ಬೀಸಿ ಮನೆಗೆ ಹೋಗಲು ಹೇಳುತ್ತಿದ್ದರೆಂಬುದು ಗಾಜಿನಿಂದಲೇ ತಿಳಿಯುತ್ತಿತ್ತು. ಆಕೆ ಅದಕ್ಕೂ ತಲೆಯಾಡಿಸಿ ನಕ್ಕು, ಅಲ್ಲೇ ಕೂತಳು.

ಪಂಚಾಕ್ಷರಯ್ಯನವರು ಬಟನ್ ಒತ್ತಿದರು. ಆಮೇಲೆ ಪ್ರತಿಯೊಂದಕ್ಕೂ ಒತ್ತಿದರು. ಬಾರದ ಬೀಪಿಗೂ ಎರಡು ಸಲ ಒತ್ತಿದರು.

ಶೀತಲ್ ಬಾಗಿಲು ತೆರೆದಳು. “ಏನ್ ಅಂಕಲ್ ಆಟ ಆಡ್ತಿದೀರಾ? ನಿಮ್ಮ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ.”

ಅವರು ವ್ಯಾನಿನ ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಪಡಿಸಿಕೊಂಡರು. “ನನಗ ಕಿವಿ ಕೇಳ್ತದ್ರಿ. ಮೊದಲಿಂದಾನೂ ಕೇಳ್ತದ.”

ಕೆಂಪರಾಜ್ ಅಭ್ಯಾಸಬಲದಿಂದ ಖಾಲಿ ಜೇಬಿಗೇ ಬಗ್ಗಿದರು. “ಹೌದು ಸಾರ್, ಮೆಷೀನ್ ಇದ್ರೆ ಎಲ್ರಿಗೂ ಕೇಳುತ್ತೆ.”

ಪಂಚಾಕ್ಷರಯ್ಯನವರು ಡಬ್ಬಿ ತಂದು, ಮೊಬೈಲಿಗೆ ಚುಚ್ಚಿ, ವೈರನ್ನು ಅಧ್ಯಕ್ಷರ ಕಿವಿಗೆ ಸಿಕ್ಕಿಸಿ, ಬಿರಟೆ ತಿರುಗಿಸಿದರು. ಕೆಂಪರಾಜ್ ಕಣ್ಣುಗಳು ಮೇಲೆ ಹೋದವು. “ಗುರು, ಇದ್ರೊಳಗೆ ಹಾರ್ಮೋನಿಯಂ ಬರ್ತಾ ಇದೆ,” ಎಂದು ಇಡೀ ಬೀದಿಗೆ ಕೂಗಿದರು. ಆಂಜನಮ್ಮನೂ ಗುಂಪಿನಲ್ಲಿದ್ದರು. ಆಕೆ ಶ್ರಾವಣದಿಂದ ಇಲ್ಲಿಯವರೆಗೆ ತಾವಾಡಿದ್ದನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದರು; ತಂಗಿಯ ಮಗನವರೆಗೆ ಬಂದಾಗ ಮುಖ ಕೆಂಪಾಯಿತು.

“ಬಾತುಕೋಳಿ ಅಂದಿದ್ದೂ ಕೇಳಿಸ್ಕೊಂಡ್ರಾ?”

“ನಡಿಗಿ ಹಂಗೇ ಅದರಿ ನಂದು. ಆದ್ರ ಹುಳಿ ಚೊಲೋ ಇರ್ತದ.”

ಕೆಂಪರಾಜ್ ಪೆನ್ಸಿಲ್ ತೆಗೆದು ಮೊದಲನೇ ಹೆಸರು ಹೊಡೆದುಹಾಕಿ, ಗೆರೆಯನ್ನು ಅಮೃತಮ್ಮನ ಹೆಸರಿನ ಕೆಳಗೆ ಎಳೆದರು. ಶಾಲು ಯಾರಿಗೆ ಹೊದಿಸುವುದೆಂದು ತಿಳಿಯದೆ ಶೀತಲ್‌ಗೆ ಹೊದಿಸಿದರು.

ಅಂದಿನಿಂದ ಬಿಸಿಲಿನ ಹಗ್ಗ ಹೋಯಿತು, ಮೋಟರ್ ಪಾಳಿ ಬಂತು. ಆಂಜನಮ್ಮ ಅವರೊಡನೆ ಮಾತು ಬಿಟ್ಟರು. ಹೇಳಬೇಕಾದದ್ದನ್ನೆಲ್ಲ ಶರಣಮ್ಮನಿಗೆ ಹೇಳುತ್ತಾರೆ, ಶರಣಮ್ಮ ಅದನ್ನೆಲ್ಲ ಏಳರಿಂದ ಎಂಟರವರೆಗೆ ತಲುಪಿಸುತ್ತಾರೆ. ‘ಎರಡೂ ಕಿವಿ ಉತ್ತಮ’ ಎಂದು ಶೀತಲ್ ಬರೆದುಕೊಟ್ಟ ಕಾಗದ ಫ್ರಿಜ್ಜಿನ ಬಾಗಿಲ ಮೇಲಿದೆ. ಕೇಳಿಸಲಿಲ್ಲ ಎಂದು ಹೇಳುವ ಹಕ್ಕನ್ನು ಸರ್ಟಿಫಿಕೇಟ್ ಸಮೇತ ಕಳೆದುಕೊಂಡ ಗಂಡ ಈ ಊರಿನಲ್ಲಿ ಅವರೊಬ್ಬರೇ.

ಈಗ ಬೆಳಿಗ್ಗೆ ಚರ್ಚಿನ ತಿರುವಿನಲ್ಲಿ ಹೊಸ ಮೆಷೀನು ಹಾಕಿಕೊಂಡ ಅಮೃತಮ್ಮ ಅವರನ್ನು ಹಿಡಿದು ನಿಲ್ಲಿಸಿಕೊಳ್ಳುತ್ತಾಳೆ. ಕೇಳದೆ ಹೋದ ಹನ್ನೊಂದು ವರ್ಷದ ಸದ್ದುಗಳೆಲ್ಲ ಒಟ್ಟಿಗೆ ಬಂದು ಬಿದ್ದಿವೆ. ಯಾವುದು ಯಾವುದರದೆಂದು ಆಕೆಗೆ ತಿಳಿಯದು.

“ಸಾರ್, ಚಿಕ್ ಚಿಕ್ ಅಂತಿದ್ಯಲ್ಲ, ಏನದು?”

“ಅಳಿಲು, ಅಮೃತಮ್ಮ.”

“ಇದು?”

“ಯಾರದೋ ಮನಿ ಕುಕ್ಕರ್. ನನಗ ಬಸ್ ತಪ್ಪತದ.”

“ಹೋಗೀರಂತೆ, ಇರಿ. ಸರ್‌ಸರ್ ಅಂತ, ಇಲ್ಲೇ ಹತ್ರ?”

ಅವರು ಕಿವಿಗೊಟ್ಟರು. ಹೂ ಕಟ್ಟುವ ನಾರು ಆಕೆಯ ಬೆರಳ ಸಂದಿಯಲ್ಲೇ ಸರಿಯುತ್ತಿತ್ತು. ಹೇಳಿದರು. ಅಮೃತಮ್ಮ ಕೈ ನಿಲ್ಲಿಸಿ ಬೆರಳುಗಳನ್ನು ನೋಡಿಕೊಂಡಳು, ಮತ್ತೆ ಕಟ್ಟಿದಳು, ಮತ್ತೆ ನಿಲ್ಲಿಸಿದಳು. ತಿರುವಿನಲ್ಲಿ ಬಸ್ಸು ಬಂದು, ನಿಂತು, ಹೊರಟುಹೋಯಿತು.

“ಅದರಾಚೆ ಇನ್ನೊಂದಿದೆ ಸಾರ್, ತುಂಬಾ ಸಣ್ಣದು.”

“ನನಗ ಕೇಳ್ಸವಲ್ದು.”

“ಸುಳ್ ಹೇಳ್ಬೇಡಿ,” ಎಂದಳು ಅಮೃತಮ್ಮ. “ಸರಿಯಾಗ್ ನಿಂತ್ಕೊಂಡು ಕೇಳಿ.”